ಅತ್ತೆಯ ರಕ್ತ, ಮದ್ದೂರಿನ ಮೊಲ

ನಾನು ಮಳವಳ್ಳಿಯಿಂದ ಮಂಡ್ಯಕ್ಕೆ ಸೊಸೆಯಾಗಿ ಬಂದಾಗ ಮೊದಲು ಹೆದರಿದ್ದು ಅತ್ತೆಯ ಗಂಟಲಿಗೆ. ಅವರು ಹಿತ್ತಲಲ್ಲಿ ನಿಂತು ನಮ್ಮ ಕೋಳಿಗಳನ್ನು ಕರೆದರೆ ಬೀದಿಯ ಕೊನೆಯ ಮನೆಯ ಕೋಳಿಗಳೂ ಓಡಿಬರುತ್ತಿದ್ದವು. ಎತ್ತರದ ಆಳು, ಬಾಯಲ್ಲಿ ಸದಾ ಎಲೆಅಡಿಕೆ, ಹೇಳಬೇಕಾದ್ದನ್ನು ಮುಖಕ್ಕೇ ಹೇಳಿಬಿಡುವ ಸ್ವಭಾವ. ಆದರೆ ಹೊಸದರಲ್ಲಿ ಒಂದು ದಿನ ಮುದ್ದೆ ತೊಳಸುವಾಗ ನನ್ನ ಕೈ ಸುಟ್ಟಿತು. ನಾನು ಅಳುವುದಕ್ಕೆ ಮೊದಲೇ ಅವರ ಕಣ್ಣಲ್ಲಿ ನೀರು ಬಂದಿತ್ತು. ಅಂದಿನಿಂದ ಆ ಗಂಟಲಿನ ಭಯ ಹೋಯಿತು.

ಅವರು ಹೆತ್ತ ಮಕ್ಕಳಲ್ಲಿ ಉಳಿದದ್ದು ನನ್ನ ಗಂಡ ಒಬ್ಬರೇ. ಮನೆತನದ ಗದ್ದೆ ಹೊಳಲಿನಲ್ಲಿತ್ತು. ಗಂಡನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲಿನ ಸಿಹಿ ಅಳೆಯುವ ಕೆಲಸ ಸಿಕ್ಕಿದ ಮೇಲೆ ಎಲ್ಲರೂ ಮಂಡ್ಯದ ಹೆಂಚಿನ ಮನೆಗೆ ಬಂದಿದ್ದರು. ಮಾವ ಮಾತ್ರ ಬೆಳಗಾಗುತ್ತಲೇ ಗಾಡಿ ಕಟ್ಟಿಕೊಂಡು ಹೊಳಲಿಗೆ ಹೋಗಿ, ಸಂಜೆಗೆ ಸೊಪ್ಪೋ ಅವರೆಕಾಯೋ ತೆಗೆದುಕೊಂಡು ಹಿಂದಿರುಗುತ್ತಿದ್ದರು. ಮಾತಿನಲ್ಲಿ ಅವರು ಅತ್ತೆಗೆ ತದ್ವಿರುದ್ಧ. ಎತ್ತುಗಳ ಜೊತೆ ಆಡಿದಷ್ಟು ಮಾತನ್ನೂ ಅವರು ಮನುಷ್ಯರ ಜೊತೆ ಆಡಿದ್ದು ನಾನು ಕಾಣೆ.

ಮದುವೆಯಾಗಿ ಮೂರು ವರ್ಷವಾಗಿದ್ದರೂ ನನಗೆ ಮಕ್ಕಳಾಗಿರಲಿಲ್ಲ. ನೀರು ಸೇದುವ ಕಡೆ ಯಾರಾದರೂ ಆ ಮಾತು ತೆಗೆದರೆ ಅತ್ತೆ ಕೊಡ ಕೆಳಗಿಟ್ಟು ನಿಂತುಬಿಡುತ್ತಿದ್ದರು. “ಇವಳೇ ಇನ್ನೂ ಕೂಸು ಕಣವ್ವ. ಮೊದ್ಲು ಇವಳ್ನ ಬೆಳ್ಸ್ತೀನಿ. ಆಮ್ಯಾಕೆ ಮಿಕ್ಕಿದ್ದು,” ಅನ್ನುತ್ತಿದ್ದರು. ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು. ನಾನು ತಲೆ ತಗ್ಗಿಸಿಕೊಂಡು ಅವರ ಹಿಂದೆ ನಡೆದು ಬರುತ್ತಿದ್ದೆ. ಆ ಬೆನ್ನಿನ ಮರೆ ನನಗೆ ಎಷ್ಟು ದೊಡ್ಡದು ಎಂದು ಆಗ ಬಾಯಿಬಿಟ್ಟು ಹೇಳಲು ಬರುತ್ತಿರಲಿಲ್ಲ.

ಇದು ಯುದ್ಧದ ಕಾಲದ ಮಾತು. ಸೀಮೆಎಣ್ಣೆಗೆ ಪರದಾಟ, ಬಸ್ಸುಗಳು ಪೆಟ್ರೋಲಿಲ್ಲದೆ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ನಮ್ಮ ಮನೆಯಲ್ಲಿ ಹೊರಗಾದ ಹೆಂಗಸರು ಒಲೆ ಮುಟ್ಟುತ್ತಿರಲಿಲ್ಲ. ಅತ್ತೆ ಹೊರಗಾದರೆ ಅಡುಗೆ ನನ್ನದು, ನಾನಾದರೆ ಅವರದು. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಅತ್ತೆ ಹೊರಗೆ ಕೂರಲೇ ಇಲ್ಲ. ಕೇಳಿದೆ.

“ನಿಂತೋಯ್ತು ಕಣ್ ಮಗ. ಇನ್ನೆಷ್ಟು ದಿನ ಅಂತ ಬತ್ತದೆ? ನನ್ಗೂ ಸಾಕಾಗಿತ್ತು ಬುಡು,” ಎಂದು ನಕ್ಕರು.

ಆ ನಗು ಬಹಳ ದಿನ ಉಳಿಯಲಿಲ್ಲ. ಊಟ ಸೇರದಾಯಿತು. ರಾಗಿ ಬೀಸುತ್ತ ಬೀಸುತ್ತ ಕಿಬ್ಬೊಟ್ಟೆ ಹಿಡಿದುಕೊಂಡು ಕೂತುಬಿಡುತ್ತಿದ್ದರು. ಒಂದು ದಿನ ಬೆನ್ನುಜ್ಜಲು ಬಚ್ಚಲಿಗೆ ಕರೆದವರು ನನ್ನ ಕೈ ಹಿಡಿದು ಹೊಟ್ಟೆಯ ಕೆಳಭಾಗಕ್ಕೆ ಒತ್ತಿದರು. ಒಳಗೆ ಬೇಲದ ಕಾಯಿಯಷ್ಟು ಗಟ್ಟಿಯಾದದ್ದೇನೋ ಕೈಗೆ ತಾಗಿತು.

“ಗೆಡ್ಡೆ ಕಣ್ ಮಗ,” ಎಂದರು ಅತ್ತೆ. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. “ನಮ್ಮವ್ವನೂ ಇದ್ರಲ್ಲೇ ತೀರೋದ್ಲು. ಯಾರ್ಗೂ ಏಳ್ಬ್ಯಾಡ. ನಿಮ್ಮಾವಂಗಂತೂ ಬ್ಯಾಡ. ಆವಯ್ಯ ಎದರ್ಕತದೆ.”

ನಾನು ಮಾವನಿಗೆ ಹೇಳಲಿಲ್ಲ. ಗಂಡನಿಗೆ ಹೇಳಿದೆ.

ಆಗ ಮಂಡ್ಯದಲ್ಲಿ ಒಬ್ಬ ಲೇಡಿ ಡಾಕ್ಟರು ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಶಾಪು ಇಟ್ಟುಕೊಂಡು ಹೆಂಗಸರಿಗೆ ಔಷಧ ಕೊಡುತ್ತಿದ್ದರು. ಮಂಗಳೂರಿನ ಕಡೆಯವರು, ಪುಸ್ತಕದಲ್ಲಿ ಬರೆದಂತೆ ಕನ್ನಡ ಮಾತಾಡುವವರು, ಬಿಳಿ ಸೀರೆ, ಕಾಲಿಗೆ ಗಂಡಸರು ಹಾಕುವಂಥ ಷೂ. ಮದುವೆಯಾಗಿರಲಿಲ್ಲ. ಅವರು ಅತ್ತೆಯನ್ನು ಬಹಳ ಹೊತ್ತು ಪರೀಕ್ಷೆ ಮಾಡಿ, ಮೈಸೂರಿನ ಒಬ್ಬ ಸರ್ಜನ್ನರ ಹತ್ತಿರ ಕಳಿಸಿದರು. ಸರ್ಜನ್ನರು ನೋಡಿ, ಗರ್ಭಕೋಶದಲ್ಲಿ ಗೆಡ್ಡೆ ಬೆಳೆದಿದೆ, ಈ ವಯಸ್ಸಿನಲ್ಲಿ ಕೋಶವನ್ನೇ ತೆಗೆದುಬಿಡುವುದು ಕ್ಷೇಮ, ಯುಗಾದಿ ಕಳೆದ ಕೂಡಲೇ ಬನ್ನಿ ಎಂದರು. ಅತ್ತೆ ದಾರಿಯುದ್ದಕ್ಕೂ ರೈಲಿನ ಕಿಟಕಿಯ ಆಚೆ ನೋಡುತ್ತ ಕೂತಿದ್ದರು. ಇಳಿಯುವಾಗ ನನ್ನ ಗಂಡನಿಗೆ, “ಕುಯ್ದಾಗ ನಾನೇನಾರ ಎಚ್ಚುಕಮ್ಮಿ ಆದ್ರೆ ನಿಮ್ಮಪ್ಪುನ್ನ ಒಬ್ಬುನ್ನೇ ಹೊಳಲಿಗೆ ಕಳಿಸ್ಬ್ಯಾಡ ಕಣ್ಲಾ. ಇಲ್ಲೇ ಇಟ್ಕೊ,” ಎಂದರು. ಗಂಡ ಅವರ ಗಂಟನ್ನು ಕೈಗೆ ತೆಗೆದುಕೊಂಡರು.

ಮಾರನೆಯ ದಿನ ಸುದ್ದಿ ಹೇಳಲು ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ಅತ್ತೆಯನ್ನು ಮತ್ತೆ ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದರು. ಕೈ ತೊಳೆದುಕೊಂಡು ಬಂದು ನಮ್ಮೆದುರು ಕೂತರು.

“ಗೆಡ್ಡೆ ಇದೆ. ಅದು ನನ್ನ ಕೈಗೂ ಸಿಕ್ಕಿದೆ, ಅವರು ಹೇಳಿದ್ದು ಸುಳ್ಳಲ್ಲ. ಆದರೆ ಗೆಡ್ಡೆಯ ಜೊತೆಗೆ ಇನ್ನೇನೋ ಇರಬಹುದು ಅಂತ ನನಗೆ ಅನುಮಾನ.”

“ಇನ್ನೇನು ಡಾಕ್ಟ್ರವ್ವ?” ಎಂದರು ಅತ್ತೆ.

“ಮಗು.”

ಅತ್ತೆ ಒಂದು ಗಳಿಗೆ ಅವರ ಮುಖ ನೋಡಿದರು. ಆಮೇಲೆ ಕಿಬ್ಬೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು. ನೋವಿಗೆ ಕಣ್ಣಲ್ಲಿ ನೀರು ಬರುತ್ತಿದೆ, ನಗು ನಿಲ್ಲದು. ಬಾಗಿಲ ಹತ್ತಿರ ನಿಂತಿದ್ದ ನನ್ನ ಗಂಡನ ಕಡೆ ಕೈ ತೋರಿಸಿ, “ನನ್ ಮಗುಂಗೆ ಮೀಸೆ ಬಂದದೆ ನೋಡವ್ವ, ಅಲ್ಲಿ ನಿಂತದೆ,” ಎಂದರು.

ಡಾಕ್ಟರಮ್ಮ ನಗಲಿಲ್ಲ. ಇನ್ನೊಂದೂವರೆ ತಿಂಗಳು ಕಾದರೆ ಮಗುವಿನ ಗುಂಡಿಗೆ ಕಿವಿಗೆ ಕೇಳುತ್ತದೆ, ಆದರೆ ಬರೀ ಗೆಡ್ಡೆಯೇ ಆಗಿದ್ದು ಅದು ಕೆಟ್ಟದ್ದಾಗಿದ್ದರೆ ಅಷ್ಟು ದಿನ ಕಾಯುವುದು ಅಪಾಯ, ಮಗುವಿದ್ದು ಕೊಯ್ದರೆ ಅದಕ್ಕಿಂತ ದೊಡ್ಡ ಅನ್ಯಾಯ ಎಂದರು. ತಿಳಿಯಲು ಒಂದು ದಾರಿಯಿದೆ. ಬೆಂಗಳೂರಿನಲ್ಲಿ ಓದುವಾಗ ಅದನ್ನು ಅವರು ಕೈಯಾರೆ ಮಾಡಿದ್ದರಂತೆ.

“ಬಸುರಿಯ ರಕ್ತದಲ್ಲಿ ಹಾರ್ಮೋನು ಅಂತ ಒಂದು ಪದಾರ್ಥ ಹೆಚ್ಚಾಗುತ್ತೆ,” ಎಂದು ಹೇಳಲು ತೊಡಗಿದರು.

“ಆರ್ಮೋನಿಯಾ?” ಅತ್ತೆ ಎದ್ದು ಕೂತರು. “ನಾಟಕ್ದೋರು ಬಾರ್ಸ್ತಾರಲ್ಲ, ಅದಾ?”

ಈ ಸಲ ಡಾಕ್ಟರಮ್ಮನಿಗೂ ನಗು ಬಂತು. ಬಾರಿಸುವುದಲ್ಲ, ಮೈಯೊಳಗೇ ಹುಟ್ಟಿ ರಕ್ತದಲ್ಲಿ ಓಡಾಡುವ ರಸ. ಅದು ಕಣ್ಣಿಗೆ ಕಾಣುವುದಿಲ್ಲ, ಹಿಡಿದು ಅಳೆಯುವ ಯಂತ್ರ ನಮ್ಮಲ್ಲಿಲ್ಲ, ಆದರೆ ಹೆಣ್ಣು ಮೊಲದ ಮೈಗೆ ಅದು ಗೊತ್ತಾಗುತ್ತದೆ ಎಂದು ವಿವರಿಸಿದರು. ಗಂಡಿನ ಸಹವಾಸವಿಲ್ಲದೆ ಒಂಟಿಯಾಗಿ ಇಟ್ಟ ಹೆಣ್ಣು ಮೊಲದ ಕಿವಿಯ ನರಕ್ಕೆ ಈಕೆಯ ರಕ್ತದ ತಿಳಿಯನ್ನು ಚುಚ್ಚಬೇಕು. ಹಾರ್ಮೋನು ಇದ್ದರೆ ಎರಡು ದಿನದಲ್ಲಿ ಮೊಲದ ಅಂಡಾಶಯದ ಮೇಲೆ ಕೆಂಪು ಚುಕ್ಕೆಗಳು ಏಳುತ್ತವೆ, ಹೊಟ್ಟೆ ಕೊಯ್ದು ನೋಡಿದರೆ ಕಾಣುತ್ತವೆ. ಇಲ್ಲದಿದ್ದರೆ ಇಲ್ಲ.

ನನ್ನ ಗಂಡ ಅಷ್ಟು ಹೊತ್ತಿಗೆ ಒಳಗೆ ಬಂದು ನಿಂತಿದ್ದರು. ಕಬ್ಬಿನ ಹಾಲಿಗೆ ಗಾಜಿನ ಕೊಳವೆ ತೇಲಿಬಿಟ್ಟು ಸಿಹಿ ಎಷ್ಟೆಂದು ಓದುವ ಕೆಲಸದವರಲ್ಲವೆ, “ಎಷ್ಟಿದೆ ಅಂತ ಗೊತ್ತಾಗುತ್ತಾ?” ಎಂದು ಕೇಳಿದರು.

“ಎಷ್ಟು ಅನ್ನೋದು ಆಮೇಲಿನ ಮಾತು. ಇದೆಯೋ ಇಲ್ಲವೋ ಅಷ್ಟು ಗೊತ್ತಾದರೆ ನಿಮ್ಮ ತಾಯಿಯ ಹೊಟ್ಟೆ ಉಳಿಯುತ್ತೆ. ಮೂತ್ರದಲ್ಲೂ ನೋಡಬಹುದು, ಆದರೆ ಕೆಲವು ಸಲ ಅದರ ನಂಜಿಗೆ ಮೊಲವೇ ಸತ್ತುಹೋಗುತ್ತೆ. ನಮಗೆ ಸಿಕ್ಕರೆ ಒಂದು ಮೊಲ ಸಿಗಬಹುದು. ಅದಕ್ಕೇ ರಕ್ತ. ಮೊಲ ಎಲ್ಲಿದೆ, ಅದನ್ನು ಹುಡುಕಿ.”

ಕಾಡುಮೊಲ ಆಗದು, ಸಾಕಿದ್ದೇ ಬೇಕು. ಮಂಡ್ಯದಲ್ಲಿ ಯಾರೂ ಸಾಕಿರಲಿಲ್ಲ. ನನಗೆ ತಟ್ಟನೆ ಮದ್ದೂರು ನೆನಪಾಯಿತು. ಹಿಂದಿನ ವರ್ಷ ತವರಿಗೆ ಹೋಗುವಾಗ ನಮ್ಮ ಇದ್ದಿಲಿನ ಬಸ್ಸು ಮದ್ದೂರಿನಲ್ಲಿ ಕೆಟ್ಟು ನಿಂತಿತ್ತು. ಬಸ್ಸು ರಿಪೇರಿ ಮಾಡುವ ಸಾಬರ ಮನೆ ಪಕ್ಕದಲ್ಲೇ ಇತ್ತು. ಬಿಸಿಲಲ್ಲಿ ನಿಂತಿದ್ದ ನನ್ನನ್ನು ಅವರ ಹೆಂಡತಿ ಒಳಗೆ ಕರೆದು ಮಜ್ಜಿಗೆ ಕೊಟ್ಟಿದ್ದರು. ಅವರ ಹಿತ್ತಲಲ್ಲಿ ಹಲಗೆಯ ಗೂಡುಗಳಲ್ಲಿ ಬಿಳಿಯ, ಬೂದಿಬಣ್ಣದ ಮೊಲಗಳಿದ್ದವು.

ಇಷ್ಟಾದ ಮೇಲೆ ಮಾವನಿಗೆ ಹೇಳದೆ ವಿಧಿಯಿರಲಿಲ್ಲ. ಸಂಜೆ ಗಾಡಿ ಬಿಟ್ಟು ಕೈಕಾಲು ತೊಳೆದು ಬಂದವರಿಗೆ ಗಂಡ ಎಲ್ಲವನ್ನೂ ಹೇಳಿದರು. ಮಗುವಿನ ಮಾತು ಬಂದಾಗ ಸ್ವಲ್ಪ ತೊದಲಿದರು. ಮಾವ ಜಗಲಿಯ ಕಂಬಕ್ಕೆ ಒರಗಿ ಕೂತು ಕೇಳಿದರು. ಅವರ ಕೈಯಲ್ಲಿದ್ದ ಬೀಡಿ ಹಾಗೇ ಆರಿಹೋಯಿತು.

“ಇಷ್ಟ್ ದಿನದಿಂದ ನೋವು ತಿಂತಾವ್ಳಾ?” ಎಂದರು. ಬೆಳಿಗ್ಗೆ ನೋಡಿದರೆ ಗಾಡಿ ಕಟ್ಟದೆ, ಮಡಿಸಿಟ್ಟಿದ್ದ ಹಬ್ಬದ ಪಂಚೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. “ನಡಿ ಮಗ, ಮೊಲ ತರವ. ಆ ಮನೆ ನಿಂಗೇ ತಾನೆ ಗೊತ್ತಿರಾದು.”

ಮದ್ದೂರಿಗೆ ರೈಲಿನಲ್ಲಿ ಹೋದೆವು. ಮಾವನ ಹೆಗಲಲ್ಲಿ ಹೊಳಲಿನ ಗದ್ದೆಯ ಅಕ್ಕಿ, ಬೆಲ್ಲ ತುಂಬಿದ ಚೀಲ. ನನ್ನ ಕೈಯಲ್ಲಿ ಖಾಲಿ ಬುಟ್ಟಿ. ಸಾಬರ ಹೆಂಡತಿ ನನ್ನ ಗುರುತು ಹಿಡಿದರು. ಬಸ್ಸಿನ ಹೊಗೆಗೆ ಮುಖ ಕರಿಮಾಡಿಕೊಂಡು ಬಂದಿದ್ದವಳು ಎಂದು ನೆನಪು ಮಾಡಿಕೊಂಡು ನಕ್ಕರು. ಹಿತ್ತಲಿಗೆ ಕರೆದುಕೊಂಡು ಹೋದರು. ಮಾವ ಮನೆಯ ಮುಂದೆಯೇ ನಿಂತರು. ವಿಷಯವನ್ನು ನಾನೇ ಹೇಳಬೇಕಾಯಿತು. ಹೆಂಗಸರ ವಿಷಯವಾದ್ದರಿಂದ ಹೇಳುವುದು ಕಷ್ಟವಾಗಲಿಲ್ಲ.

ಅವರು ಕಡೆಯ ಗೂಡಿನಿಂದ ಒಂದು ಬಿಳಿ ಮೊಲವನ್ನು ಎತ್ತಿ ಎದೆಗಾನಿಸಿಕೊಂಡರು. “ಇದು ರಂಜಾನಿನಿಂದ ಒಂಟಿ ಅಮ್ಮಾ. ಗಂಡು ಇದ್ದದ್ದನ್ನ ನಾಯಿ ಹಿಡೀತು. ಆವತ್ತಿಂದ ಇದರ ಗೂಡಿಗೆ ಬೇರೆ ಯಾವುದನ್ನೂ ಬಿಟ್ಟಿಲ್ಲ. ನಿಮ್ಮ ಡಾಕ್ಟ್ರು ಕೇಳೋದು ಇಂಥದ್ದೇ ಅಲ್ವಾ?”

“ಇಂಥದ್ದೇ ಅಕ್ಕ. ಆದ್ರೆ ಇದರ ಹೊಟ್ಟೆ ಕುಯ್ದು ನೋಡ್ತಾರಂತೆ. ವಾಪಸ್ ಕೊಡ್ತೀವಿ ಅಂತ ಹೇಳೋ ಹಾಗಿಲ್ಲ.”

ಅವರು ಮೊಲದ ಕಿವಿಯನ್ನು ಬೆರಳಲ್ಲಿ ಸವರಿದರು. “ನಾವು ತಿನ್ನೋಕೆ ಅಂತಲೇ ಸಾಕೋದು. ಇದೊಂದನ್ನ ಯಾಕೋ ಉಳಿಸ್ಕೊಂಡಿದ್ದೆ. ತಗೊಂಡು ಹೋಗಿ. ನಿಮ್ಮತ್ತೆಗೆ ಏನಾಯ್ತು ಅಂತ ಯಾರ ಕೈಲಾದ್ರೂ ಹೇಳಿ ಕಳಿಸಿ, ಅಷ್ಟು ಸಾಕು.” ಚೀಲವನ್ನು ಬೇಡವೆಂದರು. ಮಾವ ಅದನ್ನು ಅವರ ಬಾಗಿಲ ಒಳಗೆ ಇಟ್ಟು, ಅವರು ಎರಡನೆಯ ಸಲ ಬೇಡ ಎನ್ನುವುದರೊಳಗೆ ಬೀದಿಗೆ ಇಳಿದುಬಿಟ್ಟಿದ್ದರು.

ಹಿಂದಿರುಗುವಾಗ ರೈಲಿನಲ್ಲಿ ಕಾಲಿಡಲು ಜಾಗವಿಲ್ಲ. ಮಾವ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ತಮ್ಮ ಹೆಗಲ ಮೇಲಿನ ವಲ್ಲಿಯನ್ನು ಮುಚ್ಚಿ, ಬಿಸಿಲು ಬಿದ್ದ ಕಡೆಯಿಂದ ನೆರಳಿನ ಕಡೆಗೆ ತಿರುಗಿ ಕೂತರು. ಎದುರಿಗಿದ್ದವನೊಬ್ಬ, “ಏನ್ ಗೌಡ್ರೆ, ಕೋಳಿಯಾ?” ಎಂದ. ಮಾವ ತಲೆಯಾಡಿಸಿ ಅಲ್ಲವೆಂದರು. “ಮತ್ತೇನು?” ಎಂದು ಬಿಡದೆ ಕೇಳಿದ. “ಮನೆಗೆ ಬೇಕಾಗಿರಾದು ಕಣಪ್ಪ,” ಎಂದವರು ಮಂಡ್ಯ ಬರುವವರೆಗೂ ಆ ಬುಟ್ಟಿಯ ಮೇಲಿನ ಕೈ ತೆಗೆಯಲಿಲ್ಲ.

ಮರುದಿನ ಡಾಕ್ಟರಮ್ಮ ಅತ್ತೆಯ ತೋಳಿನಿಂದ ರಕ್ತ ತೆಗೆದು ಗಾಜಿನ ನಳಿಕೆಯಲ್ಲಿ ನಿಲ್ಲಿಸಿದರು. ಹೆಪ್ಪು ಕೆಳಗೆ ಕೂತು ಮೇಲೆ ತೆಳು ಹಳದಿ ತಿಳಿ ನಿಂತಿತು. ಅದನ್ನು ಸೂಜಿಗೆ ಎಳೆದುಕೊಂಡರು. ಮೊಲವನ್ನು ಟವೆಲಿನಲ್ಲಿ ಸುತ್ತಿ ಹಿಡಿದವಳು ನಾನು. ಕಿವಿಯನ್ನು ಬೆಳಕಿಗೆ ಹಿಡಿದರೆ ಒಳಗಿನ ನರ ಎಲೆಯ ನರದಂತೆ ಕಾಣುತ್ತಿತ್ತು. ಸೂಜಿ ಹೋದಾಗ ಮೊಲ ಒಂದು ಸಲ ಅದುರಿತು, ಅಷ್ಟೆ. ಅತ್ತೆ ಪಕ್ಕದಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು.

“ಎರಡು ದಿನ ಇಲ್ಲೇ ಇರಲಿ,” ಎಂದರು ಡಾಕ್ಟರಮ್ಮ.

“ಇಲ್ಯಾಕೆ? ನಮ್ಮನೇಲಿ ಇರ್ಲಿ,” ಎಂದರು ಅತ್ತೆ. “ನನ್ ರಕ್ತ ಅದ್ರ ಮೈಯಾಗೈತೆ. ಇನ್ನ ಅದು ನಮ್ಮನೆ ಎಣ್ಮಗ್ಳೇ ಅಲ್ವಾ?”

ಆ ಎರಡು ದಿನ ನಮ್ಮ ಮನೆಯಲ್ಲಿ ಬಾಣಂತಿಯೊಬ್ಬಳಿದ್ದಂತಿತ್ತು. ನಡುಮನೆಯ ಮೂಲೆಯಲ್ಲಿ ಹುಲ್ಲು ಹಾಸಿ, ಗಾಳಿ ಬೀಸದಂತೆ ಗೋಣಿ ಕಟ್ಟಿ ಅತ್ತೆ ಅದಕ್ಕೆ ಜಾಗ ಮಾಡಿದರು. ಮಾವ ಹೊಳಲಿನಿಂದ ಎಳೆಯ ಗರಿಕೆಯನ್ನೂ ಹುರುಳಿಯ ಸೊಪ್ಪನ್ನೂ ತಂದು ಯಾರಿಗೂ ಹೇಳದೆ ಅದರ ಮುಂದಿಟ್ಟು ಹೋಗುತ್ತಿದ್ದರು. ಅತ್ತೆಗೆ ನೋವು ಬಂದಾಗ ಅದರ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಮಲಗಿ ಮಾತಾಡುತ್ತಿದ್ದರು. “ಏನಮ್ಮಿ, ಗೊತ್ತಾಯ್ತಾ ನಿಂಗೇನಾರ? ಇದ್ರೆ ಇದೆ ಅನ್ನು, ಇಲ್ದಿದ್ರೆ ಇಲ್ಲ ಅನ್ನು.” ಮೊಲ ಮೂಗು ಅಲುಗಿಸುತ್ತ ಸೊಪ್ಪು ತಿನ್ನುತ್ತಿತ್ತು.

ಎರಡನೆಯ ದಿನ ಬುಟ್ಟಿಗೆ ಹಾಕಿಕೊಂಡು ಹೊರಡುವ ಹೊತ್ತಿಗೆ ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಹೊಟ್ಟೆ ಕೊಯ್ದು ನೋಡುತ್ತಾರೆ ಎಂಬುದನ್ನು ಅವರು ಅಂದೇ ಕೇಳಿದ್ದರು, ಆದರೆ ಮನಸ್ಸಿಗೆ ತೆಗೆದುಕೊಂಡಿರಲಿಲ್ಲ. ತಾವೂ ಬರುತ್ತೇನೆಂದು ಸೆರಗು ಹೊದ್ದು ಬಂದರು. ಡಾಕ್ಟರಮ್ಮ ಮೇಜಿನ ಮೇಲೆ ಕತ್ತರಿ, ಚಾಕು ಜೋಡಿಸುತ್ತಿದ್ದರು.

“ಡಾಕ್ಟ್ರವ್ವ, ನನ್ ಒಟ್ಟೆ ಕುಯ್ಬಾರ್ದು ಅಂತ ತಾನೆ ಇದ್ರ ಒಟ್ಟೆ ಕುಯ್ಯಾದು?”

“ಹೌದಮ್ಮ.”

“ಅಂಗಾದ್ರೆ ಬ್ಯಾಡ ಬುಡಿ. ನಂದೇ ಕುಯ್ರಿ. ಎರಡು ದಿನ ಮಡ್ಲಲ್ಲಿ ಇಟ್ಕಂಡು ಸೊಪ್ಪು ತಿನ್ಸಿವ್ನಿ. ನನ್ ಕೈಲಾಗಾಕಿಲ್ಲ.”

ನನ್ನ ಗಂಡ, “ಅವ್ವ, ಏನ್ ಮಾತಾಡ್ತಿದ್ದೀಯ ನೀನು?” ಎಂದರು. ಅವರಿಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು. ಅತ್ತೆ ಅವರ ಕಡೆ ತಿರುಗಲಿಲ್ಲ. ಬುಟ್ಟಿಯ ಹಿಡಿಯನ್ನು ಬಿಗಿಯಾಗಿ ಹಿಡಿದು ನಿಂತರು.

ಡಾಕ್ಟರಮ್ಮ ಅವರನ್ನು ಕುರ್ಚಿಯಲ್ಲಿ ಕೂರಿಸಿದರು. “ಎಲ್ಲ ಕಡೆ ಕೊಂದೇ ನೋಡುತ್ತಾರೆ. ಅದು ಸುಲಭ,” ಎಂದರು. “ಆದರೆ ಈಥರ್ ಕೊಟ್ಟು ಪ್ರಜ್ಞೆ ತಪ್ಪಿಸಿ, ಸಣ್ಣದಾಗಿ ಕೊಯ್ದು ನೋಡಿ ಹೊಲಿಯಬಹುದು. ಒಬ್ಬರು ಹಾಗೆ ಮಾಡಿದ್ದನ್ನು ನಾನು ನೋಡಿದ್ದೇನೆ. ಉಳಿದೇ ಉಳಿಯುತ್ತೆ ಅಂತ ನಾನು ಮಾತು ಕೊಡಲಾರೆ.”

“ನೀವು ಒಲೀತೀನಿ ಅಂದ್ರೆ ಸಾಕು,” ಎಂದು ಅತ್ತೆ ಬುಟ್ಟಿ ಬಿಟ್ಟರು.

ಔಷಧ ಬೆರೆಸಿಕೊಡುವ ಕಾಂಪೌಂಡರು ಅಂದು ರಜ. ಮೊಲದ ಮೂಗಿಗೆ ಈಥರ್ ಹನಿಸಿದ ಹತ್ತಿ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಆ ಸಿಹಿ ವಾಸನೆಗೆ ನನಗೇ ತಲೆ ತಿರುಗುತ್ತಿತ್ತು. ಮೊಲದ ಮೈ ಮೆತ್ತಗಾಗಿ, ಕಿವಿ ಜೋಲಿತು. ಡಾಕ್ಟರಮ್ಮ ಹೊಟ್ಟೆಯ ಕೂದಲು ಬೋಳಿಸಿ, ಬೆರಳುದ್ದ ಕೊಯ್ದು, ಚಿಮಟದಲ್ಲಿ ಏನನ್ನೋ ಮೇಲಕ್ಕೆತ್ತಿದರು. ಬಾಗಿ ಅದನ್ನು ಬೆಳಕಿಗೆ ತಿರುಗಿಸಿದರು.

“ಇಲ್ಲಿ ನೋಡು,” ಎಂದು ಪಿಸುಗುಟ್ಟಿದರು.

ಹುರುಳಿಕಾಯಿಯ ಬೀಜಕ್ಕಿಂತ ಕೊಂಚ ದೊಡ್ಡದಾದ ಬಿಳಿಚು ಗಂಟು. ಅದರ ಮೇಲೆ ಗುಲಗಂಜಿಯ ಬಣ್ಣದ ಚುಕ್ಕೆಗಳು ಉಬ್ಬಿ ಎದ್ದಿದ್ದವು. ಇನ್ನೊಂದು ಪಕ್ಕದ್ದನ್ನೂ ಎತ್ತಿ ನೋಡಿದರು. ಅದರ ಮೇಲೂ ಇದ್ದವು. ಮೊದಲು ನನಗೆ ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ನನ್ನ ಎದೆಯಲ್ಲಿ ಸಂತೋಷ ಎದ್ದಿತು. ಅದರ ಹಿಂದೆಯೇ ಒಂದು ಸಣ್ಣ ಚುಚ್ಚು. ಮಗು ಈ ಮನೆಗೆ ಬಂದಿದೆ, ನನ್ನ ಹೊಟ್ಟೆಯಲ್ಲಲ್ಲ. ಕೈಯಲ್ಲಿ ಹತ್ತಿಯಿದ್ದುದರಿಂದ ಆ ಯೋಚನೆಯನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳಲಾಗಲಿಲ್ಲ. ಡಾಕ್ಟರಮ್ಮ ಹೊಲಿಯುವವರೆಗೂ ಮೊಲದ ಉಸಿರನ್ನೇ ನೋಡುತ್ತ ನಿಂತೆ. ಅವರು ಕೊಯ್ದದ್ದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಹೊಲಿದರು.

ಹೊರಗೆ ಜಗಲಿಯಲ್ಲಿ ಅತ್ತೆ, ಗಂಡ, ಅಂದು ಹೊಳಲಿಗೆ ಹೋಗದೆ ನಮ್ಮ ಹಿಂದೆಯೇ ಬಂದಿದ್ದ ಮಾವ, ಮೂವರೂ ಕೂತಿದ್ದರು. ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತ ಬಂದು ಅತ್ತೆಯ ಎದುರು ನಿಂತರು. “ಹಾರ್ಮೋನು ಇದೆ ಅಮ್ಮ. ನೀವು ಬಸುರಿ. ಮೈಸೂರಿಗೆ ಹೋಗೋದು ಬೇಡ.”

ಅತ್ತೆ ಮೊದಲು, “ಮೊಲ?” ಎಂದರು.

“ಮಲಗಿದೆ. ಉಸಿರಾಡುತ್ತಿದೆ.”

ಆಮೇಲೆ ಅವರು ಸೆರಗನ್ನು ಮುಖಕ್ಕೆ ಎಳೆದುಕೊಂಡರು. ಮೈ ಅಲುಗುತ್ತಿತ್ತು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯದೆ ನಾನು ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟೆ. “ಸೊಸೆ ತಂದ್ಮೇಲೆ ಇದೇನ್ ನಾಚಿಕೆಗೇಡು ಮಗ,” ಎಂದರು ಸೆರಗಿನೊಳಗಿಂದ. ಗಂಡ ಕಂಬವನ್ನೇ ನೋಡುತ್ತಿದ್ದರು; ಕಿವಿ ಕೆಂಪಾಗಿತ್ತು. ಮಾವ ಕೂತಿದ್ದ ಜಾಗ ಖಾಲಿಯಿತ್ತು. ಆ ಮಾತು ಕಿವಿಗೆ ಬಿದ್ದ ಕೂಡಲೇ ಎದ್ದು ಹೋಗಿದ್ದರು. ಮೂರು ದಿನ ಹೊಳಲಿನಿಂದ ಅವರು ಬರಲೇ ಇಲ್ಲ. ಆಳಿನ ಕೈಯಲ್ಲಿ ಮಾತ್ರ ದಿನವೂ ಗರಿಕೆ ಬರುತ್ತಿತ್ತು, ಅದರ ಜೊತೆಗೆ ಒಂದು ಚೊಂಬು ಹಾಲು, ಒಂದು ದಿನ ಹುಣಿಸೆಕಾಯಿ.

ಹುಣಿಸೆಕಾಯಿ ನೋಡಿ ಅತ್ತೆ, “ನಿಮ್ಮಾವ ಇಂಗೆ ಮಾತಾಡ್ತದೆ ನೋಡು,” ಎಂದು ನನಗೂ ಅರ್ಧ ಮುರಿದು ಕೊಟ್ಟರು.

ಆ ಸಂಜೆ ಅವರು ನನ್ನನ್ನು ಹಿತ್ತಲಿಗೆ ಕರೆದು ಕೂರಿಸಿಕೊಂಡರು. “ಇದು ನಿಂಗೆ ಆಗ್ಬೇಕಾಗಿತ್ತು ಮಗ. ನಿನ್ ಮುಂದೆ ಒಟ್ಟೆ ಒತ್ಕಂಡು ಎಂಗೆ ತಿರುಗ್ಲಿ ನಾನು?” ಎಂದರು. ಆ ಚುಚ್ಚು ಅವರಿಗೂ ಗೊತ್ತಿತ್ತು ಎಂದು ನನಗೆ ಆಗ ತಿಳಿಯಿತು. ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅವರು ನನ್ನ ಜಡೆ ಬಿಚ್ಚಿ, ಬೈತಲೆ ತೆಗೆದು, ಮತ್ತೆ ಹೆಣೆದರು. “ಯಾರ್ ಒಟ್ಟೇಲಿ ಬಂದ್ರೇನು, ಸಾಕಾಕೆ ಇಬ್ರಿಗೂ ಕೆಲ್ಸ ಅದೆ,” ಎಂದರು.

ಊರಿನವರು ನಕ್ಕರು, ನಿಜ. ನೀರು ಸೇದುವ ಕಡೆ ಅತ್ತೆಗೆ ಉತ್ತರ ಹೇಳಲು ನಾಚಿಕೆ; ಆ ಕಾಲದಲ್ಲಿ ಕೊಡ ಕೆಳಗಿಟ್ಟು ನಿಲ್ಲುವ ಸರದಿ ನನ್ನದಾಯಿತು. ನನಗೆ ಅಷ್ಟು ಮಾತು ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಮೊಲದ ಹೊಲಿಗೆ ಮಾಗಿತು. ಬೋಳಾದ ಹೊಟ್ಟೆಯಲ್ಲಿ ಹತ್ತಿಯಂಥ ಕೂದಲು ಹುಟ್ಟಿತು. ಮದ್ದೂರಿನ ಅಕ್ಕನಿಗೆ ಸುದ್ದಿ ಕಳಿಸಿದ್ದೆವು. ಒಂದು ದಿನ ಅವರೇ ಗಂಡನ ಜೊತೆ ಬಂದರು, ಅತ್ತೆಗೆ ಎರಡು ಡಜನ್ ಹಸಿರು ಬಳೆ ತೆಗೆದುಕೊಂಡು. ಮೊಲದ ಹೊಟ್ಟೆ ತಿರುಗಿಸಿ ಹೊಲಿಗೆ ನೋಡಿ, “ನಮ್ಮವರು ಟಯರಿಗೆ ತೇಪೆ ಹಾಕೋದಕ್ಕಿಂತ ನೀಟಾಗಿದೆ,” ಎಂದರು. ಸಾಬರು ಗಡ್ಡ ನೀವಿ ಮುಗುಳ್ನಕ್ಕರು. ಮೊಲವನ್ನು ನೀವೇ ಇಟ್ಟುಕೊಳ್ಳಿ ಎಂದು ಅವರು ಹೇಳಿದರೂ ಅತ್ತೆ ಒಪ್ಪಲಿಲ್ಲ. “ನಮ್ಮನೆ ಕೆಲ್ಸ ಮುಗೀತು. ತವರಿಗೆ ಕಳಿಸ್ಬೇಕಲ್ವಾ ತಂಗಿ,” ಎಂದು ಅದರ ಬುಟ್ಟಿಗೆ ಸೊಪ್ಪು ತುಂಬಿ ಕಳಿಸಿದರು. ಬಾಗಿಲಲ್ಲಿ ನಿಂತು ಜಟಕಾ ಮರೆಯಾಗುವವರೆಗೂ ನೋಡಿದರು.

ಗರ್ಭ ಬೆಳೆದಂತೆ ಗೆಡ್ಡೆ ಪಕ್ಕಕ್ಕೆ ಸರಿಯಿತು. ಅತ್ತೆಯನ್ನು ಮಲಗಿಸಿಯೇ ಇಡಬೇಕು ಎಂದು ಡಾಕ್ಟರಮ್ಮ ಹೇಳಿದ್ದರಿಂದ ಮಳೆಗಾಲವೆಲ್ಲ ನಾನೇ ಒಲೆ, ನಾನೇ ಬೀಸುವ ಕಲ್ಲು. ಅವರು ಮಲಗಿದಲ್ಲಿಂದಲೇ ಕೂಗಿ ನನಗೆ ಸಾರಿನ ಖಾರ ಹೇಳುತ್ತಿದ್ದರು. ನವರಾತ್ರಿಯ ಹೊತ್ತಿಗೆ ನೋವು ಬಂತು. ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಗಂಟಲು ಮಂಡ್ಯಕ್ಕೆಲ್ಲ ಕೇಳಿತು. ಹೆಣ್ಣು ಮಗು ಹುಟ್ಟಿತು, ಅಂಗೈಗಿಂತ ಕೊಂಚ ದೊಡ್ಡದು. ಮಗುವಿನ ಹಿಂದೆಯೇ ಅತ್ತೆಗೆ ರಕ್ತ ಹೋಗತೊಡಗಿತು. ಡಾಕ್ಟರಮ್ಮ ಹೊಟ್ಟೆಯ ಮೇಲೆ ಕೈ ಒತ್ತಿ ನಿಂತವರು ರಕ್ತ ನಿಲ್ಲುವವರೆಗೂ ಅಲುಗಲಿಲ್ಲ. ಮಗುವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಿದ್ದರು. ಒಂದು ಕಡೆ ಅತ್ತೆಯ ಬೆಳ್ಳಗಾದ ತುಟಿ, ಇನ್ನೊಂದು ಕಡೆ ನನ್ನ ಎದೆಗೆ ಬಾಯಿ ಹಾಕಿ ತಡಕುತ್ತಿದ್ದ ಈ ಕೂಸು. ನಾನು ಎರಡನ್ನೂ ನೋಡಲಾರದೆ ಕಣ್ಣು ಮುಚ್ಚಿದ್ದೆ.

ಅತ್ತೆ ಉಳಿದರು. ಆದರೆ ಎದ್ದು ಓಡಾಡಲು ತಿಂಗಳುಗಳೇ ಬೇಕಾದವು, ಮೊಲೆಹಾಲೂ ಸಾಲದಾಯಿತು. ಮಗುವಿಗೆ ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಕುಡಿಸಿದವಳು, ಕಾಲ ಮೇಲೆ ಹಾಕಿಕೊಂಡು ಎರೆದವಳು, ಅಳುವಾಗ ಹೆಗಲಿಗೆ ಹಾಕಿಕೊಂಡವಳು ನಾನು. ಮಾವ ಒಂದು ವಾರ ಮಗುವನ್ನು ದೂರದಿಂದ ನೋಡಿದರು. ಆಮೇಲೆ ಒಂದು ಬೆಳಿಗ್ಗೆ ನಾನು ಬಟ್ಟೆ ಒಗೆದು ಬರುವುದರೊಳಗೆ ತೊಟ್ಟಿಲು ಬರಿದಾಗಿತ್ತು. ಗಾಬರಿಯಾಗಿ ಹೊರಗೆ ಬಂದರೆ, ಅವರು ಮಗುವನ್ನು ತೋಳಲ್ಲಿಟ್ಟುಕೊಂಡು ಎತ್ತುಗಳ ಮುಂದೆ ನಿಂತಿದ್ದರು. “ಇದು ನಿಮ್ ತಂಗಿ ಕಣ್ರಲಾ,” ಎಂದು ಅವುಗಳಿಗೆ ಹೇಳುತ್ತಿದ್ದರು.

ನನ್ನ ಮಗ ಹುಟ್ಟಿದ್ದು ಇದಾಗಿ ನಾಲ್ಕು ವರ್ಷಕ್ಕೆ, ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ. ಅಷ್ಟು ಹೊತ್ತಿಗೆ ನನ್ನ ನಾದಿನಿ ಮನೆಯೆಲ್ಲ ಓಡಾಡುತ್ತಿದ್ದಳು. ಅವಳು ಹೆತ್ತ ತಾಯಿಯನ್ನು ಅವ್ವ ಎನ್ನುತ್ತಿದ್ದಳು, ನನ್ನನ್ನು ಅಮ್ಮ ಎನ್ನುತ್ತಿದ್ದಳು. ನನ್ನ ಮಗನ ನಾಮಕರಣಕ್ಕೆ ಮಳವಳ್ಳಿಯಿಂದ ಬಂದಿದ್ದ ನನ್ನ ತಾಯಿ ಅವಳನ್ನು ಹತ್ತಿರ ಕರೆದು, “ಅತ್ತಿಗೆ ಅನ್ಬೇಕು ಕಣೆ, ಅಮ್ಮ ಅಲ್ಲ,” ಎಂದು ತಿದ್ದಲು ಹೋದರು. ಹುಡುಗಿ ನನ್ನ ಸೀರೆಯ ಹಿಂದೆ ಅವಿತುಕೊಂಡಳು.

ಅತ್ತೆ ಒಳಗಿನಿಂದಲೇ ಕೂಗಿ ಹೇಳಿದರು: “ಕರೀಲಿ ಬುಡಿ ಬೀಗ್ತಿ. ಅವಳು ಸರ್ಯಾಗೇ ಕರೀತಾವ್ಳೆ.”